ಆಗಲೇ ಏಕೆ ಹೇಳಲಿಲ್ಲ ಎಂದು ಕೇಳುವ ಮೊದಲು

ಪ್ರಶ್ನೆ: ನನ್ನ ತಂಗಿಗೆ 22 ವರ್ಷ. ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ. ಮೂರು ತಿಂಗಳ ಹಿಂದೆ ಆಳಂದ ತಾಲ್ಲೂಕಿನ ನಮ್ಮ ಊರಿಗೆ ಬಂದಾಗ, ಬಸ್ ನಿಲ್ದಾಣದಿಂದ ಬೈಕಿನಲ್ಲಿ ಕರೆತರಲು ಹೋದ ನಮ್ಮ ಮನೆಯ ಆಪ್ತರೊಬ್ಬರು ದಾರಿಯಲ್ಲಿ ಅತ್ಯಾಚಾರ ಮಾಡಿದರಂತೆ. ತೊಗರಿ ಬಿತ್ತನೆಗೆ ಪ್ರತಿವರ್ಷ ನಮಗೆ ಸಾಲ ಕೊಡುವವರು ಅವರೇ. ಮಾರನೆಯ ದಿನ ಅವರು ಮನೆಗೆ ಬಂದಾಗ ಚಹಾ ಕೊಟ್ಟವಳೂ ತಂಗಿಯೇ; ‘ಹಾಸ್ಟೆಲ್ ಮುಟ್ಟಿದಿಯಾ’ ಎಂಬ ಅವರ ವಾಟ್ಸಾಪ್ ಸಂದೇಶಕ್ಕೆ ‘ಹೂಂ’ ಎಂದು ಉತ್ತರವನ್ನೂ ಕೊಟ್ಟಿದ್ದಾಳೆ. ನಿಜವಾಗಿದ್ದರೆ ಆಗಲೇ ಏಕೆ ಹೇಳಲಿಲ್ಲ ಎನ್ನುತ್ತಾರೆ ಅಪ್ಪ. ಈಗ ದೂರು ಕೊಟ್ಟರೆ ನಿಲ್ಲುತ್ತದೆಯೇ?
– ಓದುಗ, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಆತನಿಗೆ ಬಹುವಚನವಿದೆ, ತಂಗಿಯ ಮಾತಿಗೆ ‘ಅಂತೆ’ ಇದೆ. ನಿಮ್ಮನ್ನು ದೂರುತ್ತಿಲ್ಲ, ಸಾಲ ಕೊಟ್ಟವನ ವಿಷಯದಲ್ಲಿ ನಾಲಿಗೆ ಹಾಗೆಯೇ ಹೊರಳುತ್ತದೆ. ಅಂಥ ಮನೆಯಲ್ಲಿ ಬಾಯಿ ಬಿಡಲು ಅವಳಿಗೆ ಮೂರು ತಿಂಗಳು ಬೇಕಾಯಿತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಕಾಣುವುದೇನೆಂದರೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತನೇ. ದಾಖಲಾಗದವು ಇದರ ಹೊರಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರ ಪೈಕಿ ನೆರವು ಕೋರಿದವರು ಶೇ 14 ಮಾತ್ರ. ಅಪರಿಚಿತನಾಗಿದ್ದರೆ ಊರೆಲ್ಲ ಅವಳ ಬೆನ್ನಿಗೆ ನಿಲ್ಲುತ್ತಿತ್ತೇನೋ. ಗೊತ್ತಿದ್ದವನ ಹೆಸರು ಹೇಳುವಾಗ ಮಾತ್ರ ಅಪ್ಪನ ಸಾಲ, ಅಣ್ಣನ ಸಿಟ್ಟು, ತನ್ನ ಓದು, ಮುಂದಿನ ಮದುವೆ ಎಲ್ಲದರ ಲೆಕ್ಕವನ್ನೂ ಅವಳೊಬ್ಬಳೇ ಹಾಕಬೇಕಾಗುತ್ತದೆ. ಆ ಚಹಾ, ಆ ‘ಹೂಂ’ ಈ ಲೆಕ್ಕದೊಳಗಿನವು; ಏನೂ ಆಗಿಲ್ಲವೆಂಬಂತೆ ದಿನ ದೂಡದಿದ್ದರೆ ಮನೆಯವರು ಕಾರಣ ಕೇಳುತ್ತಿದ್ದರು. ಸೆರಗು ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಸೆರಗಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ ಎಂದು ನಮ್ಮ ಹಿರಿಯರು ಹೆಣ್ಣುಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮುಳ್ಳು ಕಡಿಯುವ ಮಾತು ಆ ಗಾದೆಯಲ್ಲಿ ಎಲ್ಲಿಯೂ ಇಲ್ಲ.

ಇನ್ನು ಕಾನೂನು. ಅತ್ಯಾಚಾರದ ದೂರಿಗೆ ಕಾಲಮಿತಿ ಇಲ್ಲ. ದೂರು ತಡವಾದದ್ದೇ ಪ್ರಕರಣಕ್ಕೆ ಮಾರಕವಲ್ಲ, ಸಂತ್ರಸ್ತೆಯ ಸಾಕ್ಷ್ಯ ನಂಬಲರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದು ಎಂದು ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಮೈಮೇಲೆ ಗಾಯವಿಲ್ಲ, ಕೂಗಲಿಲ್ಲ ಎಂದು ವಾದಿಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಉತ್ತರವಿದೆ: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಗೆ ಎನ್ನಲಾಗದು. ಭಯದಲ್ಲಿ ಮೈ ಕಲ್ಲಾಗಿ ಧ್ವನಿಯೇ ಹೊರಡದಿರುವುದು ಅಪರೂಪವೂ ಅಲ್ಲ. ಆದರೂ ಆರೋಪಿಯ ವಕೀಲರು ಆ ‘ಹೂಂ’ ಅನ್ನು ನ್ಯಾಯಾಲಯದಲ್ಲಿ ಎತ್ತಿಯೇ ಎತ್ತುತ್ತಾರೆ; ಇದನ್ನು ಅವಳಿಂದ ಮುಚ್ಚಿಡಬೇಡಿ, ಆ ಸಂದೇಶವನ್ನು ಫೋನಿನಿಂದ ತೆಗೆದುಹಾಕಲೂ ಬಿಡಬೇಡಿ, ಫೋನ್ ಹಾಗೆಯೇ ಇರಲಿ.

ಆಳಂದದ ಠಾಣೆಗೇ ಹೋಗಬೇಕೆಂದಿಲ್ಲ. ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಜೀರೋ ಎಫ್‌ಐಆರ್ ಎಂದು ಕಲಬುರಗಿಯ ಮಹಿಳಾ ಠಾಣೆಯಲ್ಲೇ ದೂರು ಕೊಡಬಹುದು, ಅದನ್ನು ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಹೇಳಿಕೆಯನ್ನು ಅವಳು ಬಯಸಿದ ಜಾಗದಲ್ಲಿ ಪಡೆಯಬೇಕು. ಅವಳ ಗುರುತು ಬಹಿರಂಗಪಡಿಸಿದವರಿಗೆ 2 ವರ್ಷದವರೆಗೆ ಜೈಲು ಇದೆ. ಠಾಣೆಗೆ ಮೊದಲು ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ ಅಥವಾ ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರಕ್ಕೆ ಹೋಗಲಿ. ಹಿರಿಯರು ಕೂಡಿ ರಾಜಿ ಮಾಡಿಸುತ್ತೇವೆಂದರೆ ಒಪ್ಪಬೇಡಿ, ಇದು ಕಾನೂನಿನಲ್ಲಿ ರಾಜಿಗೆ ಬಾರದ ಅಪರಾಧ.

ದೂರು ಕೊಡುವುದೋ ಬಿಡುವುದೋ ಅವಳ ತೀರ್ಮಾನ, ನಿಮ್ಮದಲ್ಲ. ಆತನನ್ನು ಹೊಡೆಯಲು ಹೋಗುವುದಂತೂ ಬೇಡವೇ ಬೇಡ; ಪ್ರಕರಣ ನಿಮ್ಮ ಮೇಲೆ ತಿರುಗುತ್ತದೆ. ನಿಮ್ಮ ಪಾಲಿಗೆ ಬಂದ ಕೆಲಸ ಬೇರೆ. ಈ ಸಲದ ಬಿತ್ತನೆಗೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಾಲ ಕೇಳಿ ನೋಡಿ, ಆತ ಮತ್ತೆ ನಿಮ್ಮ ಮನೆ ಕಟ್ಟೆ ಹತ್ತದಂತೆ ಅಪ್ಪನನ್ನು ಒಪ್ಪಿಸಿ. ತಂಗಿ ಮುಂದಿನ ಸಲ ಊರಿಗೆ ಬರುವ ದಿನ ಬಸ್ ನಿಲ್ದಾಣಕ್ಕೆ ನೀವೇ ಹೋಗಿ.