ಓದುಗರ ಪ್ರಶ್ನೆ: ‘ಜರಡಿ, ಜರಡಿ’ ಎಂದು ಕೂಗುವ ಮಗ

ಪ್ರಶ್ನೆ: ನನ್ನ ಮಗ ಅಮೆರಿಕದ ಆನ್ ಆರ್ಬರ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಸೈಟಿನ ಪತ್ರ ಬ್ಯಾಂಕಿಗೆ ಕೊಟ್ಟು ಸಾಲ ತೆಗೆದು ಕಳಿಸಿದ್ದೇವೆ. ಮೊನ್ನೆ ವಾಟ್ಸಾಪಿನಲ್ಲಿ ಅವನ ಫೋಟೋ ನೋಡಿದೆ, ಮುಖದ ಅರ್ಧಕ್ಕೆ ಹಳದಿ ಬಣ್ಣ, ಇನ್ನರ್ಧಕ್ಕೆ ನೀಲಿ. ಕೇಳಿದರೆ ‘ಕಾಲೇಜ್ ಹಾಕಿ ಮ್ಯಾಚಮ್ಮಾ’ ಅಂತಾನೆ. ಶನಿವಾರ, ಭಾನುವಾರ ಬೆಳಗ್ಗೆ ಫೋನ್ ಮಾಡಿದರೆ ಎತ್ತುವುದೇ ಇಲ್ಲ. ಇವನು ಓದೋಕೆ ಹೋಗಿರೋದಾ, ಕೂಗೋಕೆ ಹೋಗಿರೋದಾ?
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಮೊದಲು ಫೋನಿನ ವಿಷಯ ಮುಗಿಸಿಬಿಡೋಣ. ಅಲ್ಲಿ ಕಾಲೇಜು ಹಾಕಿ, ಅಂದರೆ ಐಸ್ ಹಾಕಿ, ನಡೆಯುವುದು ಹೆಚ್ಚಾಗಿ ಶುಕ್ರವಾರ, ಶನಿವಾರ ರಾತ್ರಿ. ಚಳಿಗಾಲದಲ್ಲಿ ಅಲ್ಲಿ ರಾತ್ರಿ ಏಳು ಅಂದರೆ ನಿಮಗೆ ಮಾರನೇ ದಿನ ಬೆಳಗಿನ ಐದೂವರೆ. ನೀವು ಹಾಲು ಕಾಯಿಸಿ, ಕಾಫಿ ಕುಡಿದು ಫೋನ್ ಹಿಡಿಯುವ ಹೊತ್ತಿಗೆ ಅವನು ನಿಂತಲ್ಲೇ ಕುಣಿಯುತ್ತಾ ಇರುತ್ತಾನೆ. ಗಲಾಟೆಯಲ್ಲಿ ರಿಂಗ್ ಕೇಳಿಸಲ್ಲ. ಒಂಬತ್ತು ಗಂಟೆ ಮೇಲೆ ಮಾಡಿ ನೋಡಿ.

ಇನ್ನು ಟೈಮ್ ಲೆಕ್ಕ. ಒಂದು ತಂಡ ಒಂದು ಸೀಸನ್‌ಗೆ ಆಡಬಹುದಾದ ಲೀಗ್ ಮ್ಯಾಚ್ 34, ಅದರಲ್ಲಿ ಸುಮಾರು ಅರ್ಧ ಬೇರೆ ಊರಲ್ಲಿ. ಉಳಿದದ್ದು ಹದಿನೇಳು ರಾತ್ರಿ, ಒಂದೊಂದು ಎರಡೂವರೆ ಗಂಟೆ. ಎಲ್ಲ ಸೇರಿದರೂ ವರ್ಷಕ್ಕೆ ನಲವತ್ತು ಗಂಟೆ ಚಿಲ್ಲರೆ. ನಮ್ಮ ಹುಡುಗರು ಐಪಿಎಲ್ ಶುರುವಾದರೆ ಎರಡು ತಿಂಗಳು ದಿನಾ ಸಂಜೆ ಎಷ್ಟು ಕಳೆಯುತ್ತಾರೆ ಅಂತ ನಾನು ಹೇಳಬೇಕಾ?

ಅದೇ ಊರಿನಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗಳು ಒಮ್ಮೆ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಯೋಸ್ಟ್ ಅಂತ ಆ ಕಟ್ಟಡದ ಹೆಸರು. 1923ರಲ್ಲಿ ಕಟ್ಟಿದ ಇಟ್ಟಿಗೆಯ ದೊಡ್ಡ ಕಟ್ಟಡ, ಐವತ್ತು ವರ್ಷ ಬೇರೆ ಆಟಗಳಿಗೆ ಇತ್ತು, 1973ರಲ್ಲಿ ಒಳಗೆ ಮಂಜುಗಡ್ಡೆ ಹಾಕಿಸಿದರು. ಒಳಗೆ ಹೋದರೆ ಫ್ರಿಜ್ ಬಾಗಿಲು ತೆಗೆದು ಮುಂದೆ ನಿಂತ ಹಾಗೆ. ಪಕ್ ಅಂತಾರಲ್ಲ, ಆ ಕಪ್ಪು ರಬ್ಬರ್ ಬಿಲ್ಲೆ, ಅದು ಹಲಗೆಗೆ ಬಡಿದರೆ ಯಾರೋ ಬಾಗಿಲಿಗೆ ಒನಕೆಯಲ್ಲಿ ಹೊಡೆದಂತೆ ಸದ್ದು. ಮೊದಲ ಹತ್ತು ನಿಮಿಷ ಬಿಲ್ಲೆ ಎಲ್ಲಿದೆ ಅಂತಲೇ ನನಗೆ ಕಾಣಿಸಲಿಲ್ಲ, ಪಕ್ಕದವರು ಎದ್ದರೆ ಎದ್ದೆ, ಕೂತರೆ ಕೂತೆ. ಅವರ ತಂಡ ಗೋಲು ಹೊಡೆದ ಕೂಡಲೇ ವಿದ್ಯಾರ್ಥಿಗಳ ಸಾಲು ಪೂರ್ತಿ ಎದುರು ಗೋಲ್‌ಕೀಪರ್ ಕಡೆ ಬೆರಳು ತೋರಿಸಿ ‘ಸೀವ್, ಸೀವ್’ ಎಂದು ಅರಚಿತು. ಜರಡಿ ಅಂತ. ಹಾಕಿದ್ದೆಲ್ಲ ತೂರಿಹೋಗುತ್ತೆ ಅಂತ. ಆಮೇಲೆ ‘ತಪ್ಪೆಲ್ಲ ನಿಂದೇ’ ಅಂತ ಇನ್ನೊಂದು ಕೂಗು. ಕಾಲೇಜು ಹಾಕಿಯಲ್ಲಿ ಇನ್ನೂ ಒಂದು ಹಳೇ ತಮಾಷೆ ಇದೆ. ಫೋನ್ ರಿಂಗಾಗುತ್ತೆ, ಜನ ಎಲ್ಲ ಸೇರಿ ಆ ಗೋಲ್‌ಕೀಪರ್‌ಗೆ ‘ಏಯ್, ನಿಮ್ಮಮ್ಮ ಲೈನಲ್ಲಿದ್ದಾರೆ, ನಿಂಗೆ ಆಡೋಕೆ ಬರಲ್ವಂತೆ’ ಎನ್ನುತ್ತಾರೆ. ನಿಮ್ಮ ಮಗ ಬೇರೆಯವರ ಅಮ್ಮನ ಫೋನ್ ವಿಷಯದಲ್ಲಿ ಇಷ್ಟು ಉತ್ಸಾಹ ತೋರಿಸುತ್ತಿದ್ದಾನೆ, ನಿಮ್ಮದನ್ನು ಮಾತ್ರ ಎತ್ತುತ್ತಿಲ್ಲ. ಇದಕ್ಕೆ ಬೇಕಾದರೆ ಬೈಯಿರಿ.

ಆದರೆ ಆ ರಾತ್ರಿ ಇನ್ನೊಂದನ್ನೂ ನೋಡಿದೆ. ನಮ್ಮ ಹುಡುಗಿ ಒಳಗೆ ಬರುತ್ತಿದ್ದ ಹಾಗೆ ಮೂರನೇ ಸಾಲಿನಿಂದ ನಾಲ್ಕು ಜನ ಅವಳ ಹೆಸರು ಹಿಡಿದು ಕರೆದರು, ಜರ್ಕಿನ್ ಹಾಸಿ ಇಬ್ಬರಿಗೆ ಜಾಗ ಹಿಡಿದಿದ್ದರು. ಹೆಸರು ತಪ್ಪಾಗಿಯೇ ಕೂಗಿದರು, ಅದು ಬೇರೆ ಮಾತು. ಮೊದಲ ಆರು ತಿಂಗಳು ಆ ಮಗು ಲ್ಯಾಬು, ರೂಮು, ರೈಸ್ ಕುಕ್ಕರ್ ಬಿಟ್ಟರೆ ಏನೂ ಕಂಡಿರಲಿಲ್ಲ, ರಾತ್ರಿ ಹೊತ್ತು ಅಕ್ಕನಿಗೆ ಫೋನ್ ಮಾಡಿ ವಾಪಸ್ ಬರ್ತೀನಿ ಅಂತ ಅಳುತ್ತಿದ್ದಳು. ಇಷ್ಟು ಫೀಸು ಕಟ್ಟಿ ಹೋದ ಊರಿನಲ್ಲಿ ತನಗಾಗಿ ಯಾರೋ ಜಾಗ ಹಿಡಿದಿದ್ದಾರೆ ಅನ್ನುವುದು ಯಾವ ಸಿಲಬಸ್‌ನಲ್ಲೂ ಇರಲ್ಲ ಅಲ್ವಾ?

ಹಾಗಂತ ಸಾಲ ಮರೀಬೇಡಿ. ಬಣ್ಣದ ಬಗ್ಗೆ ಕೇಳುವುದು ಬಿಟ್ಟು ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, ಎಷ್ಟು ಅಂತ ಕೇಳಿ. ಎಂ.ಎಸ್. ಓದುವವರು 3.0ಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನ ಕಡೆ ಎಚ್ಚರಿಕೆಯ ಕಾಗದ ಬರುತ್ತೆ. ಬೇಸಿಗೆಗೆ ಇಂಟರ್ನ್‌ಶಿಪ್‌ಗೆ ಎಷ್ಟು ಕಡೆ ಅರ್ಜಿ ಹಾಕಿದ್ದೀಯ ಅಂತ ಕೇಳಿ. ಓದು ಮುಗಿದ ಮೇಲೆ ಅಲ್ಲೇ ಒಂದು ವರ್ಷ ಕೆಲಸ ಮಾಡಲು ಬಿಡುವ ಓಪಿಟಿ ಅಂತ ಇದೆ, ಎಂಜಿನಿಯರಿಂಗ್, ವಿಜ್ಞಾನದವರಿಗೆ ಇನ್ನೂ ಎರಡು ವರ್ಷ ಸಿಗುತ್ತೆ. ನಿಮ್ಮ ಸಾಲ ತೀರಬೇಕಾಗಿರುವುದು ಹೆಚ್ಚುಕಮ್ಮಿ ಆ ಸಮಯದಲ್ಲೇ. ಇದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟರೆ ಮುಖಕ್ಕೆ ಯಾವ ಬಣ್ಣ ಬೇಕಾದರೂ ಬಳಿದುಕೊಳ್ಳಲಿ ಬಿಡಿ.

ಪ್ರಶ್ನೆ: ನೀವು ಹೇಳುವ ಈ ಕಾಲೇಜು ಹಾಕಿ ನಮ್ಮ ಹಾಕಿ ಅಲ್ಲ ತಾನೆ?
– ಒಬ್ಬರು, ಗೋಣಿಕೊಪ್ಪ

ಉತ್ತರ: ಅಲ್ಲ ಸರ್. ಅದು ಐಸ್ ಮೇಲೆ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ. ಇಪ್ಪತ್ತು ನಿಮಿಷದ ಮೂರು ಪಾಳಿ. ಅಮೆರಿಕದಲ್ಲಿ ಬರೀ ‘ಹಾಕಿ’ ಅಂದರೆ ಇದೇ, ನಮ್ಮದನ್ನು ಅವರು ‘ಫೀಲ್ಡ್ ಹಾಕಿ’ ಅಂತಾರೆ. ಆದರೆ ಕೊಡಗಿನವರಿಗೆ ಇದರ ಗುಂಗು ಬೇಗ ಅರ್ಥವಾಗುತ್ತೆ ಅನಿಸುತ್ತೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ನಿಮ್ಮ ಕೌಟುಂಬಿಕ ಹಾಕಿಯಲ್ಲಿ ಜನ ಬರುವುದು ಮನೆ ಹೆಸರಿಗೋಸ್ಕರ ತಾನೆ? ಅಲ್ಲೂ ಹಾಗೇ, ಜೆರ್ಸಿ ಮೇಲಿನ ಹೆಸರಿಗೋಸ್ಕರ. ನಿಮಗೆ ಆ ಹೆಸರು ಹುಟ್ಟಿದ ಕೂಡಲೇ ಪುಕ್ಕಟೆ ಬರುತ್ತೆ, ಅವರು ನಾಲ್ಕು ವರ್ಷ ಫೀಸು ಕಟ್ಟಬೇಕು.

ಪ್ರಶ್ನೆ: ನಾನು ಎರಡನೇ ಪಿಯು. ಅಮೆರಿಕಕ್ಕೆ ಅರ್ಜಿ ಹಾಕಬೇಕು ಅಂತಿದ್ದೀನಿ. ಹಾಕಿಯಲ್ಲಿ ಗೆಲ್ಲುವ ಕಾಲೇಜು ಅಂದರೆ ದುಡ್ಡಿರುವ ಕಾಲೇಜು, ದುಡ್ಡಿದ್ದರೆ ಪಾಠವೂ ಚೆನ್ನಾಗಿರುತ್ತೆ, ಈ ಲೆಕ್ಕ ಸರಿನಾ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಪ್ಪು ತಮ್ಮಾ. ಹಾಕಿಯಲ್ಲಂತೂ ಪೂರ್ತಿ ತಪ್ಪು, ನನಗೆ ಈ ಆಟ ಹಿಡಿಸಿದ್ದೇ ಅದಕ್ಕೆ. ಅಮೆರಿಕದ ಕಾಲೇಜು ಹಾಕಿಯ 2014ರ ಫೈನಲ್‌ನಲ್ಲಿ ಯೂನಿಯನ್ ಕಾಲೇಜು ಅಂತ ಒಂದು ಪುಟ್ಟ ಕಾಲೇಜು, ಎರಡು ಸಾವಿರ ಚಿಲ್ಲರೆ ಮಕ್ಕಳು, ಆಟಗಾರರಿಗೆ ಕ್ರೀಡಾ ಸ್ಕಾಲರ್‌ಶಿಪ್ ಕೂಡ ಇರಲಿಲ್ಲ, ಹತ್ತಾರು ಸಾವಿರ ಮಕ್ಕಳಿರುವ ಮಿನೆಸೋಟ ವಿಶ್ವವಿದ್ಯಾಲಯವನ್ನು 7-4ರಲ್ಲಿ ಸೋಲಿಸಿತು. ಕೆನಡಾ ಗಡಿಯಲ್ಲಿ ಲೇಕ್ ಸುಪೀರಿಯರ್ ಸ್ಟೇಟ್ ಅಂತ ಇನ್ನೊಂದು ಚಿಕ್ಕ ಸರ್ಕಾರಿ ಕಾಲೇಜಿದೆ, ಹೆಸರು ನೀನು ಕೇಳಿರಲ್ಲ, 1988, 1992, 1994 ಮೂರು ಸಲ ಚಾಂಪಿಯನ್. ಹಾರ್ವರ್ಡ್ ಗೆದ್ದಿದ್ದು 1989ರಲ್ಲಿ. ಯೇಲ್ 2013ರಲ್ಲಿ. ಈ ಪಟ್ಟಿಗೂ ರ‍್ಯಾಂಕಿಂಗ್ ಪಟ್ಟಿಗೂ ಏನೇನೂ ಸಂಬಂಧ ಇಲ್ಲ.

ಸಂಬಂಧ ಇಲ್ಲ ಅಂತ ಅಲ್ಲಿನ ಅಭಿಮಾನಿಗಳು ಒಪ್ಪುತ್ತಾರಾ ಅಂದರೆ, ಅದೇ ಮಜಾ. ಐಸ್ ಮೇಲೆ ಸೋಲುತ್ತಿದ್ದರೆ ಅವರು ಡಿಗ್ರಿ ತೆಗೆದು ಹೊಡೆಯುತ್ತಾರೆ. ‘ಸೇಫ್ಟಿ ಸ್ಕೂಲ್, ಸೇಫ್ಟಿ ಸ್ಕೂಲ್’ ಅಂತ ಒಂದು ಕೂಗಿದೆ. ಎಲ್ಲೂ ಸೀಟು ಸಿಗದಿದ್ದರೆ ಇರಲಿ ಅಂತ ಅರ್ಜಿ ಹಾಕುವ ಕಾಲೇಜು ನಿಮ್ಮದು ಅಂತ ಅರ್ಥ. ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಕೊನೆಗೆ ಸುಮ್ನೆ ತುಂಬುತ್ತೀರಲ್ಲ, ಅಂಥದ್ದು. ಇನ್ನೂ ಒಂದು ಇದೆ: ‘ಪರವಾಗಿಲ್ಲ ಬಿಡಿ, ನಾಳೆ ನೀವು ನಮ್ಮ ಕೈಕೆಳಗೇ ಕೆಲಸ ಮಾಡೋರು.’ ಸೋತವರು ಗೆದ್ದವರಿಗೆ ಹೇಳುವ ಮಾತಿದು! ಹಾಸ್ಯಕ್ಕೇ ಹೇಳುವುದು, ಆದರೆ ಒಳಗೆ ಸ್ವಲ್ಪ ವಿಷ ಇದೆ, ನನಗೆ ಹಿಡಿಸಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದ ಕಥೆ ಮಾತ್ರ ಹಿಡಿಸುತ್ತೆ. ಕಾರ್ನೆಲ್‌ನಲ್ಲಿ ದೊಡ್ಡ ಕೃಷಿ ಕಾಲೇಜಿದೆ, ನಮ್ಮ ಜಿಕೆವಿಕೆ ಥರ ಅಂದುಕೋ. ‘ನೀವು ಕೋಳಿ ಸಾಕೋರು’ ಅಂತ ಹಂಗಿಸೋಕೆ 1973ರಲ್ಲಿ ಹಾರ್ವರ್ಡ್ ಕಡೆಯವರು ಕಾರ್ನೆಲ್ ಗೋಲ್‌ಕೀಪರ್ ಹತ್ತಿರ ಐಸ್ ಮೇಲೆ ಕೋಳಿ ಎಸೆದರಂತೆ. ಹಾರ್ವರ್ಡ್ ತಂಡ ಕಾರ್ನೆಲ್‌ಗೆ ಬಂದಾಗ ಇವರು ಮೀನು ಎಸೆದರು, ಸಮುದ್ರದ ಪಕ್ಕದ ಊರಿನವರಲ್ಲವೇ ಅಂತ. ಅವತ್ತಿನಿಂದ ಇವತ್ತಿನವರೆಗೂ ಆ ಮ್ಯಾಚ್‌ಗೆ ಮಕ್ಕಳು ಬಟ್ಟೆಯೊಳಗೆ ಮೀನು ಬಚ್ಚಿಟ್ಟುಕೊಂಡು ಬರುತ್ತಾರೆ. ಎದುರು ತಂಡದವರ ಹೆಸರು ಕೂಗುವಾಗ ನ್ಯೂಸ್‌ಪೇಪರ್ ಬಿಡಿಸಿ ಓದುವ ಹಾಗೆ ನಟಿಸುತ್ತಾರೆ, ನಿಮ್ಮನ್ನು ನೋಡೋಕೆ ಯಾರಿಗೆ ಪುರಸೊತ್ತು ಅಂತ. ಕೃಷಿ ಓದುವುದನ್ನು ಹಂಗಿಸಿದ್ದಕ್ಕೆ ಐವತ್ತು ವರ್ಷದಿಂದ ಮೀನಿನಲ್ಲಿ ಉತ್ತರ!

ನೀನು ಅರ್ಜಿ ಹಾಕುವಾಗ ಇದನ್ನೆಲ್ಲ ಪಕ್ಕಕ್ಕಿಡು. ಯಾವ ವಿಷಯ, ಯಾರು ಪಾಠ ಮಾಡುತ್ತಾರೆ, ಫೀಸು ಎಷ್ಟು, ಹೊರದೇಶದವರಿಗೆ ಸ್ಕಾಲರ್‌ಶಿಪ್ ಕೊಡ್ತಾರಾ, ಮುಗಿಸಿದವರು ಎಲ್ಲಿದ್ದಾರೆ, ಇಷ್ಟು ನೋಡು. ಸೀಟು ಸಿಕ್ಕ ಎರಡು ಕಾಲೇಜು ಎಲ್ಲದರಲ್ಲೂ ಒಂದೇ ಸಮ ಬಂದರೆ ಹಾಕಿ ಇರುವುದನ್ನು ಆರಿಸಿಕೋ.

ಪ್ರಶ್ನೆ: ಒಳ್ಳೆ ಆಟಗಾರರು ಒಂದು ವರ್ಷ ಆಡಿ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ಗೆ ಓಡುತ್ತಾರೆ, ಈಗ ಕಾಲೇಜೇ ಸಂಬಳ ಕೊಡುತ್ತಂತೆ. ಇನ್ನು ಅದನ್ನು ‘ಕಾಲೇಜು ಆಟ’ ಅಂತ ಯಾಕೆ ಕರೀಬೇಕು?
– ಒಬ್ಬ ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಸಿಟ್ಟು ಅರ್ಧ ನಿಜ. ಬೋಸ್ಟನ್ ಯೂನಿವರ್ಸಿಟಿಯ ಮ್ಯಾಕ್ಲಿನ್ ಸೆಲೆಬ್ರೀನಿ 2024ರಲ್ಲಿ ಹದಿನೇಳನೇ ವಯಸ್ಸಿಗೇ ಕಾಲೇಜು ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಹೋಬಿ ಬೇಕರ್ ತೆಗೆದುಕೊಂಡ, ಅದೇ ವರ್ಷ, ತಂಡಗಳು ಹೊಸ ಆಟಗಾರರನ್ನು ಆರಿಸುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಹೊರಟುಹೋದ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಕೆನಡಾದ ಜೂನಿಯರ್ ಲೀಗ್‌ನಲ್ಲಿ ಆಡಿದವರನ್ನು ವೃತ್ತಿಪರರು ಅಂತ ಹೊರಗಿಟ್ಟಿದ್ದ ನಿಯಮವೂ 2025ರ ಆಗಸ್ಟ್‌ನಲ್ಲಿ ಹೋಯಿತು. ದುಡ್ಡು ಕೊಡುವುದು ನನಗೇನೂ ತಪ್ಪು ಅನಿಸಲ್ಲ. ಟಿಕೆಟ್ ಮಾರಿ, ಟಿವಿಗೆ ಮಾರಿ, ಆಡುವ ಹುಡುಗನಿಗೆ ಮಾತ್ರ ‘ನಿನಗೆ ವಿದ್ಯೆ ಸಾಕು’ ಅನ್ನುತ್ತಿದ್ದದ್ದು ಯಾವ ನ್ಯಾಯ?

ಆದರೆ ಕೆನ್ ಡ್ರೈಡನ್ ಕಥೆ ಕೇಳಿ. 1964ರಲ್ಲೇ ಎನ್‌ಎಚ್‌ಎಲ್‌ನ ಬೋಸ್ಟನ್ ತಂಡ ಅವರನ್ನು ಡ್ರಾಫ್ಟ್ ಮಾಡಿತ್ತು, ಜೂನಿಯರ್ ಲೀಗ್ ದಾರಿ ತೆರೆದಿತ್ತು. ಅವರು ಕಾರ್ನೆಲ್‌ಗೆ ಹೋಗಿ ಇತಿಹಾಸ ಓದಿದರು. ಅಲ್ಲಿ ಗೋಲ್‌ಕೀಪರ್ ಆಗಿ ಗೆದ್ದದ್ದು 76 ಮ್ಯಾಚ್, ಸೋತದ್ದು ನಾಲ್ಕೇ ನಾಲ್ಕು. ಜರಡಿ ಅಂತ ಕೂಗೋಕೆ ಯಾರಿಗೂ ಜಾಸ್ತಿ ಅವಕಾಶ ಸಿಗಲಿಲ್ಲ. 1971ರಲ್ಲಿ ಮಾಂಟ್ರಿಯಲ್ ತಂಡದಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಾಗ ಅವರು ಇನ್ನೂ ಲಾ ಓದುತ್ತಿದ್ದರು. ಆಮೇಲೆ 1973-74ರಲ್ಲಿ, ಒಳ್ಳೆ ಫಾರ್ಮ್‌ನಲ್ಲಿರುವಾಗಲೇ, ಸಂಬಳದ ವಿಷಯದಲ್ಲಿ ತಂಡದ ಜೊತೆ ಒಪ್ಪಂದ ಆಗದೆ ಒಂದು ವರ್ಷ ಆಟ ಬಿಟ್ಟು ಟೊರೊಂಟೊದ ವಕೀಲರ ಆಫೀಸಿನಲ್ಲಿ ಟ್ರೈನಿ ಆಗಿ ಕೂತರು. ಓದು ಕೈಯಲ್ಲಿತ್ತು, ಅದಕ್ಕೇ ತಂಡದವರ ಮುಂದೆ ತಲೆ ತಗ್ಗಿಸಬೇಕಾಗಿ ಬರಲಿಲ್ಲ. ಮರಳಿ ಬಂದು ಒಟ್ಟು ಆರು ಕಪ್ ಗೆದ್ದರು, ಮೂವತ್ತೊಂದಕ್ಕೇ ನಿವೃತ್ತಿ, ಮುಂದೆ ಕೆನಡಾದಲ್ಲಿ ಮಂತ್ರಿಯೂ ಆದರು. 2025ರಲ್ಲಿ ತೀರಿಕೊಂಡರು.

ಎಲ್ಲರೂ ಡ್ರೈಡನ್ ಆಗಲ್ಲ, ಸೆಲೆಬ್ರೀನಿಯೂ ಆಗಲ್ಲ. ಕಾಲೇಜು ತಂಡದಲ್ಲಿ ಆಡುವ ಬಹುಪಾಲು ಹುಡುಗರು ಎನ್‌ಎಚ್‌ಎಲ್ ಮುಖ ನೋಡುವುದೇ ಇಲ್ಲ, ಅವರು ಬದುಕುವುದು ಡಿಗ್ರಿಯಿಂದಲೇ. ಐಸ್ ಸುತ್ತಲಿನ ಗಾಜಿನ ಈ ಕಡೆ ನಿಂತು ಕೂಗುವವನಿಗಂತೂ ಡ್ರಾಫ್ಟ್ ಎಂಬ ಬಾಗಿಲೇ ಇಲ್ಲ. ಸೋಮವಾರ ಬೆಳಗ್ಗೆ ಗಂಟಲು ಕಟ್ಟಿಕೊಂಡು ಕ್ಲಾಸಿಗೆ ಹೋಗಲೇಬೇಕು.

ಪ್ರಶ್ನೆ: ಇಷ್ಟೆಲ್ಲ ಅಭಿಮಾನದಿಂದ ಕಾಲೇಜಿಗೆ ಬರುವ ಲಾಭವಾದರೂ ಏನು?
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಮೇಷ್ಟ್ರೇ, ಲಾಭ ಇದೆ, ಆದರೆ ನಿಮಗೆ ಖುಷಿ ಆಗುವಂಥದ್ದಲ್ಲ. 2020ರಲ್ಲಿ ಆಂಕರೇಜ್‌ನ ಅಲಾಸ್ಕ ವಿಶ್ವವಿದ್ಯಾಲಯ ದುಡ್ಡಿಲ್ಲ ಅಂತ ಹಾಕಿ ತಂಡ ಮುಚ್ಚುವ ನಿರ್ಧಾರ ಮಾಡಿತು. ಉಳಿಸಬೇಕಾದರೆ ನೀವೇ ಮೂವತ್ತು ಲಕ್ಷ ಡಾಲರ್ ಕೂಡಿಸಿ ಅಂದರು. ಊರವರು, ಹಳೇ ವಿದ್ಯಾರ್ಥಿಗಳು ಕೂಡಿಸಿಯೇ ಬಿಟ್ಟರು, 2022ರಲ್ಲಿ ತಂಡ ಮತ್ತೆ ಐಸ್‌ಗೆ ಇಳಿಯಿತು. ಅದೇ 2020ರಲ್ಲಿ ಅಲಾಸ್ಕದ ವಿಶ್ವವಿದ್ಯಾಲಯಗಳಲ್ಲಿ ಹಲವು ಕೋರ್ಸುಗಳನ್ನೂ ಮುಚ್ಚಿದರು. ಕೋರ್ಸುಗಳಿಗೆ ಜೆರ್ಸಿ, ಬ್ಯಾಂಡು, ಕೂಗು ಇರಲ್ಲ ನೋಡಿ.

ಪ್ರಶ್ನೆ: ಫೆಬ್ರವರಿಯಲ್ಲಿ ಮಗಳನ್ನು ನೋಡಲು ಬೋಸ್ಟನ್‌ಗೆ ಹೋಗುತ್ತಿದ್ದೇನೆ. ಒಂದು ಮ್ಯಾಚ್ ನೋಡಿಬರಲೇ?
– ಗೃಹಿಣಿ, ಮೈಸೂರು

ಉತ್ತರ: ತಪ್ಪದೇ ನೋಡಿ. ಫೆಬ್ರವರಿಯ ಮೊದಲ ಎರಡು ಸೋಮವಾರ ಬೀನ್‌ಪಾಟ್ ಅಂತ ಪಂದ್ಯಾವಳಿ, ಆ ಊರಿನ ಆಸುಪಾಸಿನ ನಾಲ್ಕು ಕಾಲೇಜು: ಹಾರ್ವರ್ಡ್, ಬೋಸ್ಟನ್ ಕಾಲೇಜು, ಬೋಸ್ಟನ್ ಯೂನಿವರ್ಸಿಟಿ, ನಾರ್ತ್‌ಈಸ್ಟರ್ನ್. ಕಾಲುಚೀಲ ಎರಡು ಜೊತೆ ಹಾಕಿಕೊಳ್ಳಿ. ಸೀರೆ ಉಟ್ಟರೆ ಒಳಗೆ ಥರ್ಮಲ್ ಇರಲಿ. ಬಿಲ್ಲೆ ಕಾಣಿಸದಿದ್ದರೆ ಗಾಬರಿ ಬೇಡ, ಪಕ್ಕದವರನ್ನು ನೋಡಿಕೊಂಡು ಎದ್ದು ಕೂತು ಮಾಡಿ, ಮೂರನೇ ಪಾಳಿ ಹೊತ್ತಿಗೆ ಅಭ್ಯಾಸ ಆಗುತ್ತೆ. ಮಗಳು ಯಾವ ಕಾಲೇಜು ಅಂತ ಮಾತ್ರ ಮೊದಲೇ ಕೇಳಿಕೊಂಡು ಆ ಬಣ್ಣದ್ದೇ ಸ್ವೆಟರ್ ಹಾಕಿಕೊಂಡು ಹೋಗಿ.