ಅಮ್ಮನ ಕೈ ಕಟ್ಟಬೇಡಿ

ಪ್ರಶ್ನೆ: ಅಮ್ಮನಿಗೆ 78. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾರೆ. ರಾತ್ರಿ 'ದೋಣಿ ಬಂತು, ಬಂಗುಡೆ ಇಳಿಸಬೇಕು' ಎಂದು ಮಂಚ ಇಳಿಯುತ್ತಾರೆ. ಕೈ ಕಟ್ಟಿಸಲೇ?
– ಓದುಗರು, ಅಂಕೋಲಾ

ಉತ್ತರ: ಬೇಡವೇ ಬೇಡ. ಕಾರವಾರದ ವಾರ್ಡಿನಲ್ಲಿ 31 ವರ್ಷ ನರ್ಸ್ ಆಗಿದ್ದವಳು ಹೇಳುತ್ತಿದ್ದೇನೆ, ಕಟ್ಟಿದಷ್ಟೂ ಗಾಬರಿ ಹೆಚ್ಚುತ್ತದೆ. ಇದು ಹುಚ್ಚಲ್ಲ, ಡೆಲಿರಿಯಂ, ಅಂದರೆ ದಿಢೀರನೆ ಬರುವ ಮನಸ್ಸಿನ ಗೊಂದಲ. ಸೋಂಕು, ನಿರ್ಜಲೀಕರಣ, ಮಲಬದ್ಧತೆ, ನಿದ್ದೆಗುಳಿಗೆ ಯಾವುದರಿಂದಲೂ ಬರಬಹುದು. 'ಮನೆಯಲ್ಲಿ ಹೀಗಿರಲಿಲ್ಲ' ಎಂದು ಇಂದೇ ನರ್ಸ್‌ಗೆ ಹೇಳಿ. ಆ ಮಾತು ಚಾರ್ಟಿನಲ್ಲಿ ಇರುವುದಿಲ್ಲ. ಕನ್ನಡಕ, ಶ್ರವಣಯಂತ್ರ ಹಾಕಿಸಿ (ಕಳೆದೀತೆಂದು ಎಲ್ಲರೂ ಮನೆಯಲ್ಲೇ ಬಿಟ್ಟು ಬರುತ್ತಾರೆ!). ಮಂಚ ತಗ್ಗಿಸಲು ಕೇಳಿ. ಮಂಚದ ಪಕ್ಕದ ಕಂಬಿ ಏರಿಸಿದರೆ ಅದನ್ನೂ ಹತ್ತಿ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ. ಮಲಗುವ ಮುನ್ನ ಶೌಚಕ್ಕೆ ಕರೆದೊಯ್ಯಿರಿ. ದೋಣಿ ಬಂತೆಂದರೆ ವಾದ ಹೂಡದೆ, ಪಕ್ಕದಲ್ಲಿ ಕೂತು ಬಂಗುಡೆಯ ಮಾತೇ ಆಡಿ.