ಗಾಡಿ ನೆರಳಿಗೆ, ಪ್ಯಾನೆಲ್ ಬಿಸಿಲಿಗೆ

ಪ್ರಶ್ನೆ: ಹಳೆಯ ಓಮ್ನಿ ವ್ಯಾನಿನ ಹಿಂದಿನ ಸೀಟು ತೆಗೆಸಿ ಮಲಗಲು ಹಲಗೆ ಹಾಕಿಸಿದ್ದೇನೆ. ಚಳಿಗಾಲದಲ್ಲಿ ನಾವಿಬ್ಬರೂ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳನ್ನು ನೋಡಲು ಹೋಗಿ ಎರಡು ರಾತ್ರಿ ವ್ಯಾನಿನಲ್ಲೇ ಉಳಿಯುತ್ತೇವೆ. ಎರಡು ಮೊಬೈಲ್, ಸಣ್ಣ ಫ್ಯಾನ್, ಒಂದು ದೀಪ, ಸಾಧ್ಯವಾದರೆ ಇಂಡಕ್ಷನ್ ಒಲೆ. ಇಷ್ಟಕ್ಕೆ ಕಡಿಮೆ ಖರ್ಚಿನ ಸೋಲಾರ್ ಸಾಕೇ? ಚಾವಣಿಗೆ ಪ್ಯಾನೆಲ್ ಬಿಗಿಸಬಹುದೇ?
– ನಿವೃತ್ತ ಶಿಕ್ಷಕ, ರಾಣೆಬೆನ್ನೂರು

ಉತ್ತರ: ಮಾಸ್ತರರೇ, ಒಲೆಯ ಮಾತನ್ನು ಮೊದಲು ಮುಗಿಸಿಬಿಡೋಣ. 1,500 ವ್ಯಾಟಿನ ಒಲೆಗೆ 12 ವೋಲ್ಟ್ ಬ್ಯಾಟರಿಯಿಂದ 125 ಆಂಪಿಯರ್ ಎಳೆಯಬೇಕು. ಅದು ನಿಮ್ಮ ವ್ಯಾನಿನ ಕೆಲಸವಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಚಹಾಕ್ಕೆ ಸಣ್ಣ ಗ್ಯಾಸ್ ಒಲೆ ಇರಲಿ, ಅದನ್ನೂ ವ್ಯಾನಿನ ಹೊರಗೇ ಹೊತ್ತಿಸಿ.

ಉಳಿದದ್ದು ಸುಲಭ. 15 ವ್ಯಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 120 ವ್ಯಾಟ್-ಗಂಟೆ. (ಚಳಿಗಾಲದಲ್ಲಿ ಫ್ಯಾನ್ ಏಕೆಂದು ಕೇಳುವುದಿಲ್ಲ, ಕೆರೆಯ ಸೊಳ್ಳೆಗಳ ಪರಿಚಯ ನನಗೂ ಇದೆ.) ದೀಪ, ಮೊಬೈಲ್ ಸೇರಿ 175 ಆಗಬಹುದು. 100 ವ್ಯಾಟಿನ ಒಂದು ಪ್ಯಾನೆಲ್, ಬ್ಯಾಟರಿಗೆ ಹದವಾಗಿ ಚಾರ್ಜು ತುಂಬುವ ಅಗ್ಗದ ಪಿಡಬ್ಲ್ಯುಎಂ ಬಗೆಯ ಕಂಟ್ರೋಲರ್ ಸಾಕು. ಈ ಕಂಟ್ರೋಲರ್ ಪ್ಯಾನೆಲ್‌ನ 18 ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೆ ಇಳಿಸುವುದರಿಂದ ಕೈಗೆ ಸಿಗುವುದು ಸುಮಾರು 70 ವ್ಯಾಟ್. ನಾಲ್ಕು ಗಂಟೆ ಒಳ್ಳೆಯ ಬಿಸಿಲು ಬಿದ್ದರೆ ನಿಮ್ಮ ಲೆಕ್ಕ ಮೀರಿ ಉಳಿಯುತ್ತದೆ. ಇಷ್ಟು ಸಣ್ಣ ಪ್ಯಾನೆಲ್‌ಗೆ ಈ ನಷ್ಟ ತಪ್ಪಿಸುವ ದುಬಾರಿ ಎಂಪಿಪಿಟಿ ಬಗೆಯ ಕಂಟ್ರೋಲರ್ ಕೊಳ್ಳಿರೆಂದು ನಾನು ಹೇಳಲಾರೆ.

ಬ್ಯಾಟರಿ 40 ಆಂಪಿಯರ್-ಗಂಟೆಯದು (12 ವೋಲ್ಟಿಗೆ 480 ವ್ಯಾಟ್-ಗಂಟೆ) ಇರಲಿ. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ನೀರು ಹಾಕುವಂಥದ್ದು ಬೇಡ; ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ, ನೀವು ಮಲಗುವುದು ಅದರ ಪಕ್ಕದಲ್ಲೇ. ಮುಚ್ಚಿದ ಬಗೆಯದನ್ನೇ ತನ್ನಿ. ವ್ಯಾನಿನ ಸ್ವಂತ ಬ್ಯಾಟರಿಯಿಂದ ಫ್ಯಾನ್ ತಿರುಗಿಸಿದರೆ ಬೆಳಿಗ್ಗೆ ನಿಮ್ಮ ಮನೆಯವರು ಗಾಡಿ ನೂಕಬೇಕಾಗುತ್ತದೆ!

ಇನ್ನು ಚಾವಣಿ. ದಯವಿಟ್ಟು ಬಿಗಿಸಬೇಡಿ. ನಾನು ಬಿಗಿಸಿ ಕೆಟ್ಟವನು. ಲಕ್ಕುಂಡಿಗೆ ಹೋದಾಗ ಬಿಸಿಲಿನ ತಾಪಕ್ಕೆ ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ದಿನವಿಡೀ ಗುಡಿ ನೋಡುತ್ತ ತಿರುಗಿದೆ. ಸಂಜೆ ಬಂದರೆ ಬ್ಯಾಟರಿ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಪ್ಯಾನೆಲ್‌ನ ಬಿಲ್ಲೆಗಳು ಸಾಲಾಗಿ ಒಂದಕ್ಕೊಂದು ಜೋಡಿಸಿದವು. ಒಂದೆರಡರ ಮೇಲೆ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಮಲಗುವವರಿಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು. ಎರಡನ್ನೂ ಒಂದೇ ಚಾವಣಿಗೆ ಕಟ್ಟಿದರೆ ದಿನವೂ ಜಗಳ.

ಉಳಿದ ದುಡ್ಡನ್ನು ವೈರಿಗೆ ಹಾಕಿ. 4 ಚದರ ಮಿಲಿಮೀಟರಿನ ತಾಮ್ರದ ವೈರು ಹತ್ತು ಮೀಟರ್ ಇದ್ದರೆ ಗಾಡಿ ಮರದಡಿ, ಪ್ಯಾನೆಲ್ ಬಯಲಲ್ಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅತ್ತ ಮುಖ ಮಾಡಿ ಓರೆಯಾಗಿ ನಿಲ್ಲಿಸಿ. ಚಾವಣಿಯಲ್ಲಿ ಮಲಗಿದ ಪ್ಯಾನೆಲ್‌ಗೆ ಈ ಅನುಕೂಲವಿಲ್ಲ. ಹಗ್ಗದಿಂದ ಕಲ್ಲಿಗೆ ಕಟ್ಟುವುದನ್ನು ಮರೆಯಬೇಡಿ. ಆ ಸೀಮೆಯ ಗಾಳಿ ಜೋರು; ಗದಗದ ಕಪ್ಪತಗುಡ್ಡದಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ.

ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಇರಲಿ.

ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿದೆ. ದಂಡೆಯಲ್ಲಿ ಬೇಡ, ಅರಣ್ಯ ಇಲಾಖೆಯವರನ್ನು ಕೇಳಿ ಊರ ಕಡೆ ಗಾಡಿ ನಿಲ್ಲಿಸಿ. ದೀಪದ ಮುಖ ನೀರಿನತ್ತ ಇರದಿರಲಿ.